ಸ್ವಾಲ್‌ಬಾರ್ಡ್‌ನಲ್ಲಿ ಕಸ ಹೆಕ್ಕುವ ಹಡಗು ಪ್ರವಾಸ: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು, ಸಿಗಬೇಕಾದದ್ದೇನು

ನಾರ್ವೆಯ ಮುಖ್ಯಭೂಮಿಗೂ ಉತ್ತರ ಧ್ರುವಕ್ಕೂ ಸರಿಸುಮಾರು ನಡುವೆ ಇರುವ ಸ್ವಾಲ್‌ಬಾರ್ಡ್ ದ್ವೀಪಸಮೂಹಕ್ಕೆ ಬೇಸಿಗೆಯಲ್ಲಿ ಹೊರಡುವ ಸಣ್ಣ ಪ್ರವಾಸಿ ಹಡಗುಗಳಲ್ಲಿ ಕೆಲವು ಈಗ ಹಿಮಕರಡಿ, ಹಿಮನದಿ, ಮಧ್ಯರಾತ್ರಿಯ ಸೂರ್ಯನ ದರ್ಶನದ ಜೊತೆಗೆ ಒಂದು ಕೆಲಸವನ್ನೂ ಪ್ರಯಾಣಿಕರ ಕೈಗೆ ಕೊಡುತ್ತಿವೆ. ಜನವಸತಿಯೇ ಇಲ್ಲದ ತೀರಗಳಲ್ಲಿ ಇಳಿದು, ಕಡಲು ತಂದು ಹಾಕಿದ ಪ್ಲಾಸ್ಟಿಕ್ ಕಸವನ್ನು ಹೆಕ್ಕಿ, ವಿಂಗಡಿಸಿ, ತೂಗಿ, ಪಟ್ಟಿ ಮಾಡುವ ಕೆಲಸ ಅದು. ಅಂಥ ಒಂದು ಹಾಯಿಹಡಗಿನಲ್ಲಿ ಕಳೆದ ಬೇಸಿಗೆಯಲ್ಲಿ ಹೋಗಿ ಬಂದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಇಲ್ಲಿ ಬರೆದಿರುವ ಗುಣದೋಷಗಳನ್ನು ಇಂಥ ಪ್ರವಾಸ ಮಾರುವ ಯಾವ ಕಂಪನಿಯ ಮುಂದೆ ಬೇಕಾದರೂ ಪ್ರಶ್ನೆಯಾಗಿ ಇಡಬಹುದು, ಇಡಬೇಕು ಎಂಬುದೇ ನನ್ನ ಉದ್ದೇಶ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ತೀರದಲ್ಲಿ ಕಸ ಹೆಕ್ಕಿ ಲೆಕ್ಕ ಬರೆಯುವ ಭಾಗ ಈ ಸೇವೆಯ ಅತ್ಯುತ್ತಮ ಭಾಗ, ಅದೊಂದಕ್ಕಾಗಿಯೇ ಹೋಗಬಹುದು. ಹಡಗಿನ ಮೇಲೆ ನಡೆಸಿಕೊಡುವ ಮೈಕ್ರೋಪ್ಲಾಸ್ಟಿಕ್ (ಪ್ಲಾಸ್ಟಿಕ್ಕಿನ ಅತಿ ಸಣ್ಣ ಚೂರು, ಎಳೆಗಳ) ‘ಪ್ರಯೋಗ’ ತಿಳಿವಳಿಕೆಗೆ ಒಳ್ಳೆಯದು, ಆದರೆ ಅದನ್ನು ಸಂಶೋಧನೆ ಎಂದು ಮಾರುವುದು ಸರಿಯಲ್ಲ. ಇನ್ನು ಹಡಗು ತಾನೇ ಕಡಲಿಗೆ ಬಿಡುವ ಬಟ್ಟೆಯ ಎಳೆಗಳ ವಿಷಯದಲ್ಲಿ ಕಂಪನಿಯ ನಡೆ ಅದರ ಜಾಹೀರಾತಿಗೆ ತಕ್ಕುದಾಗಿಲ್ಲ.

ಪ್ರಯಾಣದ ವಿವರಗಳನ್ನು ಬೇಗ ಮುಗಿಸುತ್ತೇನೆ. ಹಡಗು ಹೊರಡುವುದು 78 ಡಿಗ್ರಿ ಉತ್ತರದಲ್ಲಿರುವ ಲಾಂಗ್‌ಇಯರ್‌ಬೀನ್‌ನಿಂದ. ಅಲ್ಲಿಗೆ ಓಸ್ಲೊ ಅಥವಾ ಟ್ರೋಮ್ಸೊ ಮೂಲಕ ವಿಮಾನವಿದೆ. ಸ್ವಾಲ್‌ಬಾರ್ಡ್ ನಾರ್ವೆಯ ಆಳ್ವಿಕೆಗೆ ಸೇರಿದ್ದರೂ ಒಂದೇ ವೀಸಾದಲ್ಲಿ ಹಲವು ಯುರೋಪಿಯನ್ ದೇಶಗಳನ್ನು ಸುತ್ತಬಹುದಾದ ಷೆಂಗೆನ್ ವಲಯದ ಹೊರಗಿದೆ. ಆದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವವರು ನಾರ್ವೆಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರಲು ಎರಡು ಪ್ರವೇಶಗಳ ವೀಸಾವನ್ನೇ ಪಡೆಯಬೇಕು. ಒಂದೇ ಪ್ರವೇಶದ ವೀಸಾ ಹಿಡಿದು ಬಂದರೆ ಮರಳುವ ದಾರಿಯಲ್ಲಿ ತೊಂದರೆಯಾಗುತ್ತದೆ. ಖರ್ಚು ದೊಡ್ಡದು, ವಿಮಾನದ ಟಿಕೆಟ್ ಬಿಟ್ಟು ಒಬ್ಬರಿಗೆ ಲಕ್ಷಗಳ ಲೆಕ್ಕದಲ್ಲೇ ಇದೆ. ಮಲಗುವ ಕೋಣೆ ಇಕ್ಕಟ್ಟು, ಆದರೆ ಬೆಚ್ಚಗೆ, ಶುಚಿಯಾಗಿ ಇತ್ತು. ಸಸ್ಯಾಹಾರ ಕೇಳಿದವರಿಗೆ ಹೊಟ್ಟೆ ತುಂಬುವಷ್ಟು ಸಿಕ್ಕಿತು, ರುಚಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕುಡಿಯುವ ನೀರಿನ ಬಾಟಲಿ, ಬಿಡಿ ಶಾಂಪೂ ಪೊಟ್ಟಣ, ಸ್ಟ್ರಾ ಮುಂತಾದ ಒಮ್ಮೆ ಬಳಸಿ ಎಸೆಯುವ ವಸ್ತುಗಳು ಹಡಗಿನಲ್ಲಿ ಎಲ್ಲಿಯೂ ಕಾಣಲಿಲ್ಲ ಎಂಬುದನ್ನು ಮೆಚ್ಚುಗೆಯಿಂದಲೇ ದಾಖಲಿಸುತ್ತೇನೆ.

ನನ್ನ ಜೊತೆಗೆ ಸೋದರಮಾವ ಬಂದಿದ್ದರು. ಮಲ್ಪೆಯಲ್ಲಿ ಬದುಕಿನ ಬಹುಭಾಗವನ್ನು ದೊಡ್ಡ ಚೀಲದಂಥ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ಕಳೆದವರು, ಬಲೆ ನೇಯುವುದರಿಂದ ಹಿಡಿದು ಎಂಜಿನ್ ರಿಪೇರಿಯವರೆಗೆ ಎಲ್ಲವನ್ನೂ ಕೈಯಾರೆ ಮಾಡಿದವರು. ಅವರು ಬಂದದ್ದರಿಂದ ಈ ಪ್ರವಾಸದಲ್ಲಿ ನನಗೆ ಕಂಡದ್ದು ಬೇರೆ ಪ್ರಯಾಣಿಕರಿಗೆ ಕಂಡದ್ದಕ್ಕಿಂತ ಹೆಚ್ಚು ಎಂದು ನಂಬಿದ್ದೇನೆ, ಏಕೆಂದರೆ ಸ್ವಾಲ್‌ಬಾರ್ಡ್ ತೀರದ ಕಸವೆಂದರೆ ತೂಕದ ಲೆಕ್ಕದಲ್ಲಿ ಬಹುಪಾಲು ಮೀನುಗಾರಿಕೆಯ ಕಸವೇ.

ಮೊದಲ ಸಂಜೆಯ ತಿಳಿವಳಿಕೆ ಸಭೆ ಚೆನ್ನಾಗಿ ನಡೆಯಿತು. ಹೊರಗಿನ ಬೀಜ, ಕೀಟಗಳು ದ್ವೀಪಕ್ಕೆ ಹೋಗದಂತೆ ಬೂಟುಗಳನ್ನು ಉಜ್ಜಿಸಿದರು, ಜಾಕೆಟ್ಟಿನ ಜೇಬು ಮತ್ತು ವೆಲ್ಕ್ರೋ ಪಟ್ಟಿಗಳಿಗೆ ವ್ಯಾಕ್ಯೂಮ್ ಹಿಡಿಸಿದರು. ಹಿಮಕರಡಿಯ ಕಾರಣಕ್ಕೆ ಬಂದೂಕು ಹಿಡಿದ ಮಾರ್ಗದರ್ಶಕರು ಮೊದಲು ಇಳಿದು ಸುತ್ತ ನೋಡಿ ಬರುವವರೆಗೆ ಯಾರೂ ರಬ್ಬರ್ ದೋಣಿಯಿಂದ ಕಾಲು ಕೆಳಗಿಡುವಂತಿಲ್ಲ ಎಂದು ತಾಕೀತು ಮಾಡಿದರು. ಕಸ ಹೆಕ್ಕುವವರಿಗೆಂದೇ ಹೇಳಿದ ಒಂದು ನಿಯಮ ನನಗೆ ಹೊಸದು: ಸ್ವಾಲ್‌ಬಾರ್ಡ್‌ನಲ್ಲಿ 1946ಕ್ಕಿಂತ ಹಿಂದಿನ ಮನುಷ್ಯರ ಯಾವುದೇ ಕುರುಹು ಕಾನೂನಿನ ರಕ್ಷಣೆಯಲ್ಲಿದೆ. ತುಕ್ಕು ಹಿಡಿದ ಮೊಳೆ, ಹಳೆಯ ತಿಮಿಂಗಿಲ ಬೇಟೆಗಾರರ ಒಲೆಯ ಇಟ್ಟಿಗೆ, ಬೇಟೆಗಾರರ ಗುಡಿಸಿಲಿನ ಹಲಗೆ ಇವೆಲ್ಲ ಕಸದಂತೆ ಕಂಡರೂ ಮುಟ್ಟಬಾರದು. ಸೈಬೀರಿಯಾದ ನದಿಗಳಿಂದ ಹೊರಟು ಮಂಜುಗಡ್ಡೆಯೊಡನೆ ತೇಲಿ ಬಂದ ಮರದ ದಿಮ್ಮಿಗಳನ್ನೂ ಹಾಗೆಯೇ ಬಿಡಬೇಕು. ಹೆಕ್ಕಬೇಕಾದದ್ದು ನಮ್ಮ ಕಾಲದ ವಸ್ತುಗಳನ್ನು, ಅಂದರೆ ಹೆಚ್ಚುಕಡಿಮೆ ಪ್ಲಾಸ್ಟಿಕ್ಕನ್ನು ಮಾತ್ರ.

ಕಸ ಅಲ್ಲಿಗೆ ಬರುವ ದಾರಿಯನ್ನು ಮಾರ್ಗದರ್ಶಕಿ ನಕಾಶೆಯ ಮೇಲೆ ತೋರಿಸಿದ ರೀತಿಯೂ ಸ್ಪಷ್ಟವಾಗಿತ್ತು. ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ನಾರ್ವೆಯ ಕರಾವಳಿಗುಂಟ ಮೇಲೇರಿ, ಒಂದು ಕವಲು ಬ್ಯಾರೆಂಟ್ಸ್ ಕಡಲಿಗೂ ಇನ್ನೊಂದು ಕವಲು ಸ್ವಾಲ್‌ಬಾರ್ಡ್‌ನ ಅತಿ ದೊಡ್ಡ ದ್ವೀಪವಾದ ಸ್ಪಿಟ್ಸ್‌ಬರ್ಗನ್‌ನ ಪಶ್ಚಿಮ ತೀರದುದ್ದಕ್ಕೂ ಹರಿಯುತ್ತದೆ. ಉತ್ತರದಲ್ಲಿ ತಣ್ಣಗಾಗಿ ಭಾರವಾದ ಆ ನೀರು ಕೆಳಗೆ ಮುಳುಗುತ್ತದೆ; ಅದರ ಮೇಲೆ ತೇಲಿಕೊಂಡು ಬಂದ ಪ್ಲಾಸ್ಟಿಕ್ ಮುಳುಗಲಾರದೆ ಅಲ್ಲೇ ಉಳಿಯುತ್ತದೆ. 2013ರಲ್ಲಿ ಆರ್ಕ್ಟಿಕ್ ಮಹಾಸಾಗರವನ್ನು ಸುತ್ತಿದ ‘ತಾರಾ’ ಎಂಬ ಸಂಶೋಧನಾ ಹಾಯಿಹಡಗು ಬಲೆ ಎಳೆದು ಸಂಗ್ರಹಿಸಿದ ಮಾದರಿಗಳ ಆಧಾರದ ಮೇಲೆ, ಆರ್ಕ್ಟಿಕ್‌ನ ಮೇಲ್ಪದರದಲ್ಲಿ ಸುಮಾರು 30,000 ಕೋಟಿ ಪ್ಲಾಸ್ಟಿಕ್ ತುಣುಕುಗಳು ತೇಲುತ್ತಿವೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅವುಗಳಲ್ಲಿ ಬಹುತೇಕ ಎಲ್ಲವೂ ಗ್ರೀನ್‌ಲ್ಯಾಂಡ್ ಮತ್ತು ಬ್ಯಾರೆಂಟ್ಸ್ ಕಡಲುಗಳಲ್ಲೇ ಸಿಕ್ಕಿದ್ದವು, ಅಂದರೆ ಸ್ವಾಲ್‌ಬಾರ್ಡ್‌ನ ಎರಡೂ ಮಗ್ಗುಲಿನಲ್ಲಿ. ಇಷ್ಟನ್ನು ಪ್ರಯಾಣಿಕರಿಗೆ ತೀರಕ್ಕೆ ಇಳಿಯುವ ಮೊದಲೇ ತಿಳಿಸಿದ್ದು ಕಂಪನಿಯ ಒಳ್ಳೆಯತನ. ತಿಳಿದು ಹೆಕ್ಕುವ ಕೈಗೂ ತಿಳಿಯದೆ ಹೆಕ್ಕುವ ಕೈಗೂ ವ್ಯತ್ಯಾಸವಿದೆ.

ನಾವು ಕೆಲಸ ಮಾಡಿದ ತೀರಗಳಲ್ಲಿ ಉತ್ತರ ಕರಾವಳಿಯ ಒಂದು ಕೊಲ್ಲಿ ಮರೆಯಲಾಗದ್ದು. ದೂರದಿಂದ ಅದು ಬೂದುಬಣ್ಣದ ಬೆಣಚುಕಲ್ಲಿನ ದಂಡೆ, ಅದರ ಮೇಲೆ ಬಿಳಿಚಿಕೊಂಡ ದಿಮ್ಮಿಗಳ ಸಾಲು, ಹಿಂದೆ ಪಾಚಿಯ ಬಯಲು. ದೋಣಿಯಿಂದ ಇಳಿದು ದಿಮ್ಮಿಗಳ ಸಾಲಿನ ಬಳಿಗೆ ನಡೆದಾಗ ಬಣ್ಣಗಳು ಕಾಣತೊಡಗಿದವು. ದಿಮ್ಮಿಗಳ ಸಂದಿನಲ್ಲಿ ಹಸಿರು ಟ್ರಾಲ್ ಬಲೆಯ ರಾಶಿ, ಅದಕ್ಕೆ ಸುತ್ತಿಕೊಂಡ ಕಿತ್ತಳೆ ಬಣ್ಣದ ಹುರಿ, ಗಟ್ಟಿ ಪ್ಲಾಸ್ಟಿಕ್ಕಿನ ಬಲೆಯ ಬೆಂಡುಗಳು, ಮೀನಿನ ಕ್ರೇಟಿನ ಒಡೆದ ಅಂಚುಗಳು, ಪೆಟ್ಟಿಗೆಗೆ ಬಿಗಿಯುವ ಬಿಳಿ ಪಟ್ಟಿಗಳು, ಮುಚ್ಚಳವಿಲ್ಲದ ಡಬ್ಬಗಳು. ಕಿತ್ತಳೆ ಮತ್ತು ನೀಲಿ ಬಣ್ಣದ ಎಳೆಗಳ ಗೊಂಚಲುಗಳು ಎಲ್ಲೆಂದರಲ್ಲಿ ಇದ್ದವು. ತಳ ಮುಟ್ಟಿ ಎಳೆಯುವ ಟ್ರಾಲ್ ಬಲೆಯ ಅಡಿಭಾಗ ಕಲ್ಲಿಗೆ ಉಜ್ಜಿ ಸವೆಯದಂತೆ ಈ ಗೊಂಚಲುಗಳನ್ನು ಕಟ್ಟುತ್ತಾರೆ. ಬಲೆಯ ಬದಲು ತಾವು ಸವೆಯುವುದೇ ಅವುಗಳ ಕೆಲಸ, ಹಾಗಾಗಿ ಅವು ಎಳೆ ಎಳೆಯಾಗಿ ಕಡಲಿಗೆ ಸೇರುವುದು ಅಪಘಾತವೇನಲ್ಲ, ಅವುಗಳ ಬಳಕೆಯ ಕ್ರಮವೇ ಹಾಗಿದೆ.

ಕೈಯಗಲದ ಹಸಿರು ಬಲೆಯ ತುಂಡೊಂದನ್ನು ಮಾವ ಎತ್ತಿಕೊಂಡು ಅಂಚುಗಳನ್ನು ಬೆರಳಿನಿಂದ ಸವರಿ ನೋಡಿದರು. ನಾನು ಅದನ್ನು ಹರಿದ ಬಲೆಯೆಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. “ಇದು ಹರಿದದ್ದಲ್ಲ ಮಗಾ, ಕತ್ತಿಯಲ್ಲಿ ಕೊಯ್ದದ್ದು. ಕಣ್ಣುಗಳ ಸಾಲು ನೋಡು, ಒಂದೇ ನೇರಕ್ಕೆ ಉಂಟು. ಬಲೆ ರಿಪೇರಿ ಮಾಡುವಾಗ ಹಾಳಾದ ಭಾಗವನ್ನು ಕೊಯ್ದು ಹೀಗೆ ಬಿಸಾಡುವುದು,” ಎಂದರು. ಕಡಲಲ್ಲಿ ಬಂಡೆಗೆ ಸಿಕ್ಕಿ ಹರಿದ ಬಲೆಯ ಅಂಚಿನಲ್ಲಿ ಹುರಿಗಳು ಉದ್ದಗಿಡ್ಡವಾಗಿ ಎಳೆಬಿಟ್ಟಿರುತ್ತವೆ, ಗಂಟುಗಳು ಜಗ್ಗಿ ಬಿಗಿದಿರುತ್ತವೆ. ಕೊಯ್ದ ತುಂಡಿನಲ್ಲಿ ಗಂಟುಗಳು ಸಡಿಲವಾಗಿ ತಮ್ಮ ಆಕಾರದಲ್ಲೇ ಉಳಿದಿರುತ್ತವೆ. ಅವರು ತೋರಿಸಿಕೊಟ್ಟ ಮೇಲೆ ನಾವು ಹೆಕ್ಕಿದ ಬಲೆತುಂಡುಗಳಲ್ಲಿ ಹೆಚ್ಚಿನವು ಕೊಯ್ದವೇ ಎಂದು ನನಗೂ ಕಾಣತೊಡಗಿತು. ಸ್ವಾಲ್‌ಬಾರ್ಡ್‌ನ ಕಸವನ್ನು ಮೀನುಗಾರಿಕೆ ಬಲ್ಲವರು ಕುಳಿತು ಪರಿಶೀಲಿಸಿದಾಗಲೂ ಬಲೆ ದುರಸ್ತಿಯಲ್ಲಿ ಕತ್ತರಿಸಿದ ಸಣ್ಣ ತುಂಡುಗಳ ಪಾಲು ದೊಡ್ಡದೆಂದೇ ಕಂಡುಬಂದಿದೆ. ಈ ವ್ಯತ್ಯಾಸ ಸಣ್ಣದಲ್ಲ. ಬಿರುಗಾಳಿಗೆ ಕಳೆದುಹೋದ ಬಲೆಗೆ ಯಾರನ್ನೂ ದೂರುವಂತಿಲ್ಲ. ಡೆಕ್ಕಿನ ಮೇಲೆ ಕೊಯ್ದು ಬಿಸಾಡಿದ ತುಂಡನ್ನು ಒಂದು ಚೀಲ ಕಟ್ಟಿಟ್ಟರೆ ನಿಲ್ಲಿಸಬಹುದು. ಹಡಗುಗಳು ಪ್ಲಾಸ್ಟಿಕ್ಕನ್ನು ಕಡಲಿಗೆ ಎಸೆಯುವುದನ್ನು ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಐದನೆಯ ಅನುಬಂಧ 1988ರ ಕೊನೆಯ ದಿನದಿಂದಲೇ ನಿಷೇಧಿಸಿದೆ.

ಈ ಕಾರಣಕ್ಕೇ ನಾನು ಹೆಕ್ಕಿದ ಕಸದ ತೂಕಕ್ಕಿಂತ ಬರೆದಿಟ್ಟ ಲೆಕ್ಕಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ವಿಜ್ಞಾನಿ ಮೆಲನಿ ಬರ್ಗ್‌ಮನ್ ಮತ್ತವರ ಸಂಗಡಿಗರು 2016ರಿಂದ 2021ರವರೆಗೆ ಇಂಥದೇ ಪ್ರವಾಸಿ ಹಡಗುಗಳ ಪ್ರಯಾಣಿಕರಿಂದ ಸ್ವಾಲ್‌ಬಾರ್ಡ್‌ನ 14 ತೀರಗಳ ಕಸವನ್ನು ಹೆಕ್ಕಿಸಿ ವಿಂಗಡಿಸಿದರು. ಒಟ್ಟು ಸುಮಾರು 23,000 ವಸ್ತುಗಳು, 1,620 ಕಿಲೋ. ಅದರಲ್ಲಿ ಅಕ್ಷರ, ಗುರುತು ಉಳಿದಿದ್ದದ್ದು ಬರೀ ಶೇ 1ರಷ್ಟು. ಓದಲು ಸಿಕ್ಕಿದ ಆ ಅಲ್ಪಭಾಗದಲ್ಲಿ ಆರ್ಕ್ಟಿಕ್ ಸುತ್ತಲಿನ ದೇಶಗಳ ಪಾಲು, ಮುಖ್ಯವಾಗಿ ರಷ್ಯಾ ಮತ್ತು ನಾರ್ವೆಯದು, ದೊಡ್ಡದಾಗಿತ್ತು. ಯುರೋಪಿನದು ಸುಮಾರು ಮೂರನೇ ಒಂದು ಭಾಗ. ಬ್ರೆಜಿಲ್, ಚೀನಾ, ಅಮೆರಿಕದಷ್ಟು ದೂರದ ವಸ್ತುಗಳೂ ಇದ್ದವು. ಕಸ ನಿರ್ವಹಣೆಗೆ ಹೆಸರಾದ ಜರ್ಮನಿಯ ವಸ್ತುಗಳೂ ಅಲ್ಲಿ ಸಿಕ್ಕವೆಂಬ ವಿಷಯ ಆ ದೇಶದಲ್ಲಿ ಚರ್ಚೆಯಾಗಲು ಕಾರಣವಾದದ್ದು ಪ್ರಯಾಣಿಕರು ತುಂಬಿಸಿದ ಪಟ್ಟಿಗಳೇ. ಒಂದು ತೀರವನ್ನು ಗುಡಿಸಿದರೆ ಮುಂದಿನ ಚಳಿಗಾಲದ ಬಿರುಗಾಳಿ ಅದನ್ನು ಮತ್ತೆ ತುಂಬಿಸುತ್ತದೆ. ಯಾವ ವಸ್ತು, ಎಷ್ಟು, ಯಾವ ಕಸುಬಿನಿಂದ ಬಂತು ಎಂಬ ದಾಖಲೆ ಮಾತ್ರ ಬಂದರಿನ ನಿಯಮದವರೆಗೆ ಹೋಗಿ ತಲುಪಬಲ್ಲದು.

ನಮ್ಮ ಹಡಗು ಈ ಕೆಲಸವನ್ನು ಅರ್ಧ ಚೆನ್ನಾಗಿ ಮಾಡಿತು. ದೊಡ್ಡ ತೀರದಲ್ಲಿ ನೂರು ಮೀಟರ್ ಉದ್ದವನ್ನು ಟೇಪು ಹಿಡಿದು ಅಳೆದು, ಮೊದಲ ದಿಮ್ಮಿಸಾಲಿನಿಂದ ನೀರಿನ ಅಂಚಿನವರೆಗೆ ಸಾಲಾಗಿ ನಿಂತು ಹೆಕ್ಕಿಸಿದರು. ಟಾರ್ಪಾಲಿನ ಮೇಲೆ ಬಲೆ, ಹಗ್ಗ, ಬೆಂಡು, ಪೊಟ್ಟಣ, ಬಾಟಲಿ, ಗುರುತು ಸಿಗದ ತುಂಡು ಎಂದು ಬೇರೆ ಬೇರೆ ಗುಡ್ಡೆ ಮಾಡಿಸಿ, ಪ್ರತಿ ಗುಡ್ಡೆಯನ್ನೂ ಎಣಿಸಿ, ತೂಗುಕೊಕ್ಕೆಗೆ ಹಾಕಿ ತೂಗಿದರು. ಹಿಮಸಾರಂಗದ ಕೊಂಬಿನ ಜೋಡಿಯೊಂದು ಬಲೆಯಲ್ಲಿ ಸಿಕ್ಕಿಕೊಂಡೇ ಬಿದ್ದಿತ್ತು. ಬಲೆಯನ್ನಷ್ಟೇ ಬಿಡಿಸಿ ತಂದೆವು. ತೀರದ ಬಲೆಗೆ ಕೊಂಬು ಸಿಕ್ಕಿಸಿಕೊಂಡು ಮೇಯಲಾಗದೆ ಸಾಯುವ ಹಿಮಸಾರಂಗಗಳು ಸ್ವಾಲ್‌ಬಾರ್ಡ್‌ನಲ್ಲಿ ಅಪರೂಪವೇನಲ್ಲ, ಅಲ್ಲಿನ ಜನ ಅಂಥವನ್ನು ಕಂಡು ಬಲೆ ಕೊಯ್ದು ಬಿಡಿಸಿದ್ದೂ ಉಂಟು. ಆ ಗಂಟನ್ನು ಬಿಡಿಸುವಾಗ ಮಾವನ ಕೈ ನಡುಗುತ್ತಿತ್ತು, ಚಳಿಗೋ ಬೇಸರಕ್ಕೋ ನಾನು ಕೇಳಲಿಲ್ಲ.

ಆದರೆ ಇನ್ನೊಂದು ತೀರದಲ್ಲಿ ಹವಾಮಾನ ಕೆಡುತ್ತಿದೆ ಎಂಬ ಕಾರಣಕ್ಕೆ ಕಸವನ್ನೆಲ್ಲ ಒಟ್ಟಾಗಿ ದೊಡ್ಡ ಗೋಣಿಗಳಿಗೆ ತುಂಬಿಸಿಕೊಂಡು ಬಂದರು. ಹಡಗಿನಲ್ಲಿ ವಿಂಗಡಿಸುತ್ತೇವೆ ಎಂದವರು ವಿಂಗಡಿಸಲಿಲ್ಲ. ಕೇಳಿದಾಗ ಡೆಕ್ಕಿನಲ್ಲಿ ಜಾಗವಿಲ್ಲ ಎಂಬ ಉತ್ತರ ಬಂತು. ಗಾಳಿ ಎದ್ದದ್ದು ನಿಜ, ಆತುರ ಮಾಡಿದ್ದು ಸರಿಯೇ. ಆದರೆ ಮರುದಿನ ಇಡೀ ಮಧ್ಯಾಹ್ನ ಶಾಂತವಾಗಿದ್ದಾಗ ಅದೇ ಡೆಕ್ಕಿನಲ್ಲಿ ಬಿಸಿ ಪಾನೀಯದ ಕೂಟ ನಡೆಯಿತು, ಗೋಣಿಗಳು ಕಟ್ಟಿದಂತೆಯೇ ಇದ್ದವು. ಪ್ರವಾಸದ ಕೊನೆಗೆ ಬಂದ ವರದಿಯಲ್ಲಿ ಆ ತೀರದ ಲೆಕ್ಕವಾಗಿ ಒಟ್ಟು ತೂಕ ಮಾತ್ರ ಇದೆ. ವಸ್ತುಗಳ ವಿಂಗಡಣೆಯಿಲ್ಲದ ತೂಕ ಛಾಯಾಚಿತ್ರದ ಕೆಳಗಿನ ವಾಕ್ಯಕ್ಕೆ ಸಾಕಾದೀತು, ಮೀನುಗಾರಿಕೆ ಇಲಾಖೆಗೆ ಏನನ್ನೂ ಹೇಳುವುದಿಲ್ಲ. ಹಣ ಕೊಟ್ಟು ಬಂದು ಬೆನ್ನು ಬಾಗಿಸಿ ದುಡಿದ ಪ್ರಯಾಣಿಕರ ಶ್ರಮವನ್ನು ಹೀಗೆ ಅರ್ಧಕ್ಕೆ ಕೈಬಿಟ್ಟದ್ದು ಈ ಸೇವೆಯ ನಿಜವಾದ ಲೋಪ.

ಹಡಗು ಸಾಗುವಾಗ ಮೇಲ್ಮಟ್ಟದ ಡೆಕ್ಕಿನಿಂದ ತೇಲುವ ಕಸವನ್ನು ಗುರುತಿಸಿ ಬರೆಯುವ ಪಾಳಿಯೂ ಇತ್ತು. ಬಹಳ ಹೊತ್ತು ನಿಂತರೂ ಕಣ್ಣಿಗೆ ಬೀಳುವುದು ಅಪರೂಪ. ಒಮ್ಮೆ ಬಿಳಿ ಬೆಂಡು, ಒಮ್ಮೆ ಹಗ್ಗದ ಸುರುಳಿ. ಜೊತೆಯವರಲ್ಲಿ ಕೆಲವರು ಇದರಿಂದ ಸಮಾಧಾನಪಟ್ಟುಕೊಂಡರು, ಕಡಲು ಇಷ್ಟು ಶುದ್ಧವಾಗಿದೆಯಲ್ಲ ಎಂದು. ಆ ಸಮಾಧಾನಕ್ಕೆ ಆಧಾರ ಕಡಿಮೆ. 2012ರ ಬೇಸಿಗೆಯಲ್ಲಿ ಬರ್ಗ್‌ಮನ್ ತಂಡ ಬ್ಯಾರೆಂಟ್ಸ್ ಕಡಲು ಮತ್ತು ಗ್ರೀನ್‌ಲ್ಯಾಂಡ್-ಸ್ವಾಲ್‌ಬಾರ್ಡ್ ನಡುವಿನ ಫ್ರಾಮ್ ಜಲಸಂಧಿಯ ಮೇಲೆ ಹಡಗು ಮತ್ತು ಹೆಲಿಕಾಪ್ಟರಿನಿಂದ ಒಟ್ಟು ಸುಮಾರು 5,600 ಕಿಲೋಮೀಟರ್ ಉದ್ದಕ್ಕೂ ನೋಡಿ ಗುರುತಿಸಿದ್ದು 31 ವಸ್ತುಗಳನ್ನು ಮಾತ್ರ. ಹಡಗಿನ ಮೇಲಟ್ಟದಿಂದ, ಇನ್ನೂ ಎತ್ತರದ ಹೆಲಿಕಾಪ್ಟರಿನಿಂದ ದೊಡ್ಡ ವಸ್ತುಗಳಷ್ಟೇ ಕಾಣುತ್ತವೆ. ಅದೇ ಫ್ರಾಮ್ ಜಲಸಂಧಿಯ ತಳದಲ್ಲಿ, ಸುಮಾರು 2,500 ಮೀಟರ್ ಆಳದಲ್ಲಿ, ಅವರ ಸಂಸ್ಥೆ ಕ್ಯಾಮೆರಾ ಎಳೆದು ತೆಗೆದ ಚಿತ್ರಗಳ ಪ್ರಕಾರ ಕಸದ ಪ್ರಮಾಣ 2002ರಲ್ಲಿ ಚದರ ಕಿಲೋಮೀಟರಿಗೆ 3,635 ವಸ್ತುಗಳಿದ್ದದ್ದು 2011ರ ಹೊತ್ತಿಗೆ 7,710ಕ್ಕೆ ಏರಿತ್ತು. ಮೇಲೆ ಕಾಣದ್ದು ಕೆಳಗಿದೆ. ಡೆಕ್ಕಿನ ಪಾಳಿಯ ಮೊದಲು ಈ ಎರಡು ಅಂಕಿಗಳನ್ನು ಜೊತೆಯಾಗಿ ಹೇಳಿದ್ದರೆ ಪ್ರಯಾಣಿಕರು ಖಾಲಿ ಪಟ್ಟಿಯನ್ನು ತಪ್ಪಾಗಿ ಓದುತ್ತಿರಲಿಲ್ಲ.

ಹಡಗಿನ ಹಿಂದೆ ರೆಕ್ಕೆ ಬಡಿಯದೆ ತೇಲುತ್ತ ಬರುವ ಫುಲ್ಮಾರ್ ಎಂಬ ಕಡಲಹಕ್ಕಿಗಳ ಬಗ್ಗೆ ಮಾರ್ಗದರ್ಶಕಿ ಹೇಳಿದ್ದು ಇದಕ್ಕಿಂತ ಪರಿಣಾಮಕಾರಿಯಾಗಿತ್ತು. ಈ ಹಕ್ಕಿ ಆಹಾರವನ್ನು ನೀರಿನ ಮೇಲ್ಮೈಯಿಂದಲೇ ಹೆಕ್ಕುತ್ತದೆ, ಆದ್ದರಿಂದ ತೇಲುವ ಪ್ಲಾಸ್ಟಿಕ್ಕಿನ ಅಳತೆಗೋಲಾಗಿ ಉತ್ತರ ಸಮುದ್ರದ ಸುತ್ತಲಿನ ದೇಶಗಳು ಇದರ ಹೊಟ್ಟೆಯನ್ನೇ ಬಳಸುತ್ತವೆ. 0.1 ಗ್ರಾಮಿಗಿಂತ ಹೆಚ್ಚು ಪ್ಲಾಸ್ಟಿಕ್ ಇರುವ ಹಕ್ಕಿಗಳು ಶೇ 10ನ್ನು ಮೀರಬಾರದು ಎಂಬುದು ಅವರ ಗುರಿ. ಸ್ವಾಲ್‌ಬಾರ್ಡ್‌ನ 40 ಫುಲ್ಮಾರ್‌ಗಳನ್ನು ಪರೀಕ್ಷಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 35ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇತ್ತು, ಶೇ 22.5ರಷ್ಟು ಹಕ್ಕಿಗಳು ಆ ಮಿತಿಯನ್ನು ಮೀರಿದ್ದವು. ನಮ್ಮೆದುರು ಹಾರುತ್ತಿದ್ದ ಹಕ್ಕಿಗಳನ್ನು ತೋರಿಸಿ ಇದನ್ನು ಹೇಳಿದಾಗ ಡೆಕ್ಕಿನಲ್ಲಿದ್ದವರು ಕ್ಯಾಮೆರಾ ಇಳಿಸಿ ಕೇಳಿಸಿಕೊಂಡರು.

ಈಗ ಮೈಕ್ರೋಪ್ಲಾಸ್ಟಿಕ್ ಪ್ರಯೋಗದ ವಿಷಯ. ಕೈಪಿಡಿಯಲ್ಲಿ ‘ವಿಜ್ಞಾನಿಗಳಂತೆ ನೀವೂ ಆರ್ಕ್ಟಿಕ್‌ನ ಪ್ಲಾಸ್ಟಿಕ್ ಅಳೆಯಿರಿ’ ಎಂಬ ಅರ್ಥದ ಸಾಲಿದೆ. ನಡೆದದ್ದು ಹೀಗೆ: ರಬ್ಬರ್ ದೋಣಿಯ ಹಿಂದೆ ಅಗಲ ಬಾಯಿಯ ಸಣ್ಣಕಣ್ಣಿನ ಬಲೆಯನ್ನು ಸ್ವಲ್ಪ ದೂರ ಎಳೆದು, ಅದರ ತುದಿಯ ಚೀಲದಲ್ಲಿ ಸೇರಿದ್ದನ್ನು ಬಾಟಲಿಗೆ ಇಳಿಸಿ, ಊಟದ ಕೋಣೆಯ ಮೇಜಿನ ಮೇಲೆ ಸೋಸು ಕಾಗದದಲ್ಲಿ ಸೋಸಿ, ಸೂಕ್ಷ್ಮದರ್ಶಕದಡಿ ನೋಡಲು ಕೊಟ್ಟರು. ಕಾಗದದ ಮೇಲೆ ಸಣ್ಣ ಸಿಗಡಿಯಂಥ ಜೀವಿಗಳು, ಪಾಚಿಯ ಎಳೆಗಳು, ಒಂದು ಬಿಳಿ ಚೂರು, ನಡುವೆ ಬಾಗಿದ ಎದ್ದುಕಾಣುವ ನೀಲಿ ಎಳೆ. ನೋಡಿದವರೆಲ್ಲ ಆ ನೀಲಿ ಎಳೆಯ ಚಿತ್ರ ತೆಗೆದುಕೊಂಡರು. ಮೇಜಿನ ಸುತ್ತ ಕುಳಿತ ನಮ್ಮೆಲ್ಲರ ಮೈಮೇಲೆ ಕಂಪನಿಯೇ ಕಾಣಿಕೆಯಾಗಿ ಕೊಟ್ಟ ನೀಲಿ ಫ್ಲೀಸ್ ಜಾಕೆಟ್ ಇತ್ತು. ಫ್ಲೀಸ್ ಎಂದರೆ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್ಕಿನ ನೂಲು. ಆ ಎಳೆ ಕಡಲಿನದೋ ನಮ್ಮ ತೋಳಿನದೋ ಎಂದು ಹೇಳುವ ಸಾಧನ ಹಡಗಿನಲ್ಲಿ ಯಾವುದೂ ಇರಲಿಲ್ಲ.

ಪ್ರಯೋಗಾಲಯಗಳಲ್ಲಿ ಇದಕ್ಕಾಗಿಯೇ ಹತ್ತಿಯ ಕೋಟು ತೊಡುತ್ತಾರೆ, ಏನೂ ಹಾಕದ ಸೋಸು ಕಾಗದವೊಂದನ್ನು ಪಕ್ಕದಲ್ಲಿ ತೆರೆದಿಟ್ಟು ಗಾಳಿಯಿಂದ ಎಷ್ಟು ಎಳೆ ಬಿತ್ತೆಂದು ಕಳೆಯುತ್ತಾರೆ, ಕಣದ ಮೇಲೆ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಹಾಯಿಸಿ ಅದು ಯಾವ ಪ್ಲಾಸ್ಟಿಕ್ ಎಂದು ಗುರುತಿಸುತ್ತಾರೆ. ಇನ್ನೊಂದು ಮಾತು: ಇಂಥ ಬಲೆಗಳ ಕಣ್ಣು ಸಾಮಾನ್ಯವಾಗಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುತ್ತದೆ, ಅದಕ್ಕಿಂತ ಸಣ್ಣದು, ತೆಳ್ಳನೆಯ ಎಳೆಗಳೂ ಸೇರಿ, ನುಸುಳಿ ಹೋಗುತ್ತವೆ. ಆದರೆ ಆರ್ಕ್ಟಿಕ್‌ನಲ್ಲಿ ಹೆಚ್ಚು ಇರುವುದು ಆ ನುಸುಳಿ ಹೋಗುವ ಗಾತ್ರದ್ದೇ. ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗು 2014 ಮತ್ತು 2015ರಲ್ಲಿ ಕೊರೆದು ತಂದ ಕಡಲ ಮಂಜುಗಡ್ಡೆಯ ಮಾದರಿಗಳಲ್ಲಿ ಲೀಟರಿಗೆ 12,000ದವರೆಗೆ ಪ್ಲಾಸ್ಟಿಕ್ ಕಣಗಳು ಸಿಕ್ಕವು, ಅವುಗಳಲ್ಲಿ ಶೇ 67ರಷ್ಟು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಸಣ್ಣವು. ಪೊಟ್ಟಣದ ಪಾಲಿಥೀನ್, ಹಡಗಿನ ಬಣ್ಣ, ಬಲೆಯ ನೈಲಾನ್, ಸಿಗರೇಟಿನ ಫಿಲ್ಟರಿನ ವಸ್ತು, ಹೀಗೆ 17 ಬಗೆ. ಮಂಜುಗಡ್ಡೆ ಕಟ್ಟುವಾಗ ನೀರಿನಲ್ಲಿರುವ ಕಣಗಳನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ತೇಲಿ ಹೋಗಿ, ಕರಗುವಲ್ಲಿ ಬಿಟ್ಟುಬಿಡುತ್ತದೆ. ಅದರ ದಾರಿಯಲ್ಲಿ ದೊಡ್ಡದು ಇದೇ ಫ್ರಾಮ್ ಜಲಸಂಧಿ. ಹಿಮವೂ ಹೊರತಲ್ಲ: 2019ರ ಅಧ್ಯಯನದಲ್ಲಿ ಅಲ್ಲಿನ ಮಂಜುಗಡ್ಡೆಯ ಮೇಲೆ ಬಿದ್ದ ಹಿಮದಲ್ಲಿ, ಕರಗಿಸಿದ ಲೀಟರಿಗೆ 14,400ರವರೆಗೆ ಕಣಗಳು ಕಂಡವು, ಅಂದರೆ ಕಡಲಿನ ಪ್ರವಾಹವಷ್ಟೇ ಅಲ್ಲ, ಗಾಳಿಯೂ ಹೊತ್ತು ತರುತ್ತಿದೆ. ಮೇಜಿನ ಮೇಲಿನ ಆ ಪ್ರಯೋಗವನ್ನು ಪ್ರಾತ್ಯಕ್ಷಿಕೆ ಎಂದು ಕರೆದು, ಈ ಮಿತಿಗಳನ್ನು ವಿವರಿಸಿದ್ದರೆ ಅದು ಇನ್ನೂ ಗಟ್ಟಿ ಪಾಠವಾಗುತ್ತಿತ್ತು. ಮಾರ್ಗದರ್ಶಕಿಗೆ ಇದೆಲ್ಲ ಗೊತ್ತಿತ್ತು, ಖಾಸಗಿಯಾಗಿ ಕೇಳಿದಾಗ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕೈಪಿಡಿ ಬರೆದವರು ಬೇರೆ.

ಫ್ಲೀಸ್ ಜಾಕೆಟ್ಟಿನ ವಿಷಯವನ್ನು ನಾನು ಅಲ್ಲಿಗೇ ಬಿಡಲಾರೆ. ಕೆನಡಾದ ವಿಜ್ಞಾನಿ ಪೀಟರ್ ರಾಸ್ ಮತ್ತವರ ತಂಡ ಆರ್ಕ್ಟಿಕ್‌ನ 71 ಕಡೆಗಳ ಕಡಲನೀರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಘನ ಮೀಟರಿಗೆ ಸರಾಸರಿ ಸುಮಾರು 40 ಮೈಕ್ರೋಪ್ಲಾಸ್ಟಿಕ್ ಕಣಗಳಿದ್ದವು, ಅವುಗಳಲ್ಲಿ ಶೇ 92ರಷ್ಟು ಎಳೆಗಳು, ಆ ಎಳೆಗಳಲ್ಲಿ ಶೇ 73ರಷ್ಟು ಪಾಲಿಯೆಸ್ಟರ್. ಪೂರ್ವ ಆರ್ಕ್ಟಿಕ್‌ನಲ್ಲಿ, ಅಂದರೆ ಅಟ್ಲಾಂಟಿಕ್ ನೀರು ಒಳಬರುವ ಬದಿಯಲ್ಲಿ, ಪಶ್ಚಿಮದ ಮೂರು ಪಟ್ಟು ಹೆಚ್ಚು. ನಾವು ಬಟ್ಟೆ ಒಗೆದ ನೀರು ಅಲ್ಲಿಗೆ ತಲುಪುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸುಳಿವು ಬೇಡ. ಹೀಗಿರುವಾಗ ಪ್ಲಾಸ್ಟಿಕ್ ವಿರುದ್ಧದ ಪ್ರವಾಸವೆಂದು ಹೆಸರಿಟ್ಟುಕೊಂಡ ಕಂಪನಿ ಪ್ರತಿ ಪ್ರಯಾಣಿಕರಿಗೂ ಹೊಸ ಪಾಲಿಯೆಸ್ಟರ್ ಜಾಕೆಟ್ ಕೊಡುವುದು, ಹಡಗಿನ ಹಾಸಿಗೆ ಹೊದಿಕೆ, ಟವೆಲ್, ಸಿಬ್ಬಂದಿಯ ಉಡುಪುಗಳನ್ನು ಹಡಗಿನಲ್ಲೇ ಒಗೆದು ಆ ನೀರನ್ನು ಸೋಸದೆ ಹೊರಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಇದು ಕಾನೂನಿನ ಉಲ್ಲಂಘನೆಯಲ್ಲ. ಮಾರ್ಪೋಲ್ ಒಪ್ಪಂದ ಶೌಚದ ನೀರಿಗೆ ನಿಯಮ ಹಾಕಿದೆ, ಸ್ನಾನ ಮತ್ತು ಬಟ್ಟೆ ಒಗೆತದ ನೀರಿಗೆ ಹಾಕಿಲ್ಲ. 2017ರ ಜನವರಿಯಿಂದ ಜಾರಿಯಲ್ಲಿರುವ ಧ್ರುವ ಕಡಲುಗಳ ಹಡಗು ಸಂಹಿತೆಯೂ ಈ ಸಂದನ್ನು ಮುಚ್ಚಿಲ್ಲ. ಒಗೆಯುವ ಯಂತ್ರದ ಹೊರನಳಿಗೆಗೆ ಎಳೆ ಹಿಡಿಯುವ ಸೋಸುಕ ಅಳವಡಿಸುವುದು ಹಡಗಿನ ಮಟ್ಟಿಗೆ ದೊಡ್ಡ ಖರ್ಚೇನಲ್ಲ. ನಾನು ಬರಹದಲ್ಲಿ ಕೇಳಿದ್ದಕ್ಕೆ ಕಂಪನಿಯಿಂದ ಬಂದ ಉತ್ತರ ವಿನಯದ್ದು, ಮುಂದಿನ ದುರಸ್ತಿಯ ಹೊತ್ತಿಗೆ ಪರಿಶೀಲಿಸುತ್ತೇವೆ ಎಂದು. ದಿನಾಂಕ ಹೇಳಿಲ್ಲ. ಜಾಕೆಟ್ ಬೇಡವೆಂದು ಬುಕಿಂಗ್ ಮಾಡುವಾಗಲೇ ತಿಳಿಸಿದರೆ ಕೊಡುವುದಿಲ್ಲ ಎಂಬುದು ಮಾತ್ರ ಖಚಿತವಾಯಿತು. ಹೋಗುವವರು ಹಾಗೆ ತಿಳಿಸಿ, ಉಣ್ಣೆಯ ಅಂಗಿ ತೆಗೆದುಕೊಂಡು ಹೋಗುವುದು ಒಳ್ಳೆಯದು.

ದಾರಿಯಲ್ಲಿ 79 ಡಿಗ್ರಿಯ ಸಮೀಪದ ನ್ಯೂ ಓಲೆಸುಂಡ್ ಎಂಬ ಸಂಶೋಧನಾ ಗ್ರಾಮದಲ್ಲಿ ಇಳಿಸಿದರು. ವೈಜ್ಞಾನಿಕ ಉಪಕರಣಗಳಿಗೆ ಅಡ್ಡಿಯಾಗದಂತೆ ಅಲ್ಲಿ ಫೋನಿನ ವೈಫೈ, ಬ್ಲೂಟೂತ್ ಎಲ್ಲವನ್ನೂ ಆರಿಸಬೇಕು. ಭಾರತದ ‘ಹಿಮಾದ್ರಿ’ ಕೇಂದ್ರ 2008ರಿಂದ ಇರುವುದು ಇಲ್ಲಿಯೇ, ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ. ಒಳಗೆ ಬಿಡುವುದಿಲ್ಲ, ಹೊರಗಿನಿಂದ ಫಲಕ ನೋಡಿ ಬರಬಹುದು. ಮಾವ ಅಲ್ಲಿ ಬಹಳ ಹೊತ್ತು ನಿಂತರು.

ಹೆಕ್ಕಿದ ಕಸ ಎಲ್ಲಿಗೆ ಹೋಗುತ್ತದೆ ಎಂದು ಹಲವರು ಕೇಳುತ್ತಾರೆ. ಗೋಣಿಗಳನ್ನು ಲಾಂಗ್‌ಇಯರ್‌ಬೀನ್ ಬಂದರಿನಲ್ಲಿ ಇಳಿಸಿಕೊಳ್ಳುತ್ತಾರೆ. ಊರಿನ ಕಸದಂತೆಯೇ ಅದೂ ಹಡಗೇರಿ ನಾರ್ವೆಯ ಮುಖ್ಯಭೂಮಿಗೆ ಹೋಗುತ್ತದೆ. ಸ್ವಾಲ್‌ಬಾರ್ಡ್‌ನ ರಾಜ್ಯಪಾಲರ ಕಚೇರಿ ಸುಮಾರು 2000ದ ಹೊತ್ತಿನಿಂದಲೂ ಊರಿನ ಸ್ವಯಂಸೇವಕರನ್ನು ಕರೆದೊಯ್ದು ತೀರ ಶುಚಿ ಮಾಡಿಸುತ್ತ ಬಂದಿದೆ, ಆರ್ಕ್ಟಿಕ್ ಪ್ರವಾಸಿ ಹಡಗುಗಳ ಸಂಘವೂ ಇದರಲ್ಲಿ ಕೈಜೋಡಿಸಿದೆ. ಅಂದರೆ ವ್ಯವಸ್ಥೆ ಇದೆ, ಹಳೆಯದು, ನಂಬಬಹುದಾದದ್ದು. ಕಂಪನಿಗಳು ಅದರೊಳಗೆ ಸೇರಿ ಕೆಲಸ ಮಾಡುತ್ತವೆಯೇ ಅಥವಾ ತಮ್ಮಷ್ಟಕ್ಕೆ ಒಂದಷ್ಟು ಚೀಲ ತುಂಬಿ ಚಿತ್ರ ಹಾಕುತ್ತವೆಯೇ ಎಂಬುದನ್ನು ಬುಕಿಂಗಿಗೆ ಮೊದಲು ಕೇಳಿ. 2025ರ ಜನವರಿಯಿಂದ ಸಂರಕ್ಷಿತ ಪ್ರದೇಶಗಳಲ್ಲಿ ಗೊತ್ತುಪಡಿಸಿದ 43 ಸ್ಥಳಗಳಲ್ಲಿ ಮಾತ್ರ ಪ್ರವಾಸಿಗಳನ್ನು ಇಳಿಸಬಹುದು, ಹಡಗಿನಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವಂತಿಲ್ಲ. ಹಳೆಯ ಕೈಪಿಡಿಯ ತೀರಗಳ ಹೆಸರು ತೋರಿಸಿ ಮಾರುವವರಿದ್ದರೆ, ಆ ತೀರ ಈಗಿನ ಪಟ್ಟಿಯಲ್ಲಿದೆಯೇ ಎಂದು ಕೇಳುವುದು ನಮ್ಮ ಹಕ್ಕು.

ಇದೇ ಕಂಪನಿ ಅಂಟಾರ್ಕ್ಟಿಕಾ ಪ್ರವಾಸವನ್ನೂ ಮಾರುತ್ತದೆ, ಕಸದ ಕೆಲಸಕ್ಕಾಗಿ ಅದನ್ನು ಆರಿಸಿಕೊಳ್ಳಬೇಡಿ. ಖಂಡವನ್ನು ಸುತ್ತುವ ಪ್ರವಾಹ ಉತ್ತರದಿಂದ ತೇಲಿಬರುವ ಕಸಕ್ಕೆ ತಕ್ಕಮಟ್ಟಿಗೆ ತಡೆಯಾಗಿರುವುದರಿಂದ ತೀರದಲ್ಲಿ ಹೆಕ್ಕುವಷ್ಟು ಸಿಗುವುದು ಕಡಿಮೆ. ಸೂಕ್ಷ್ಮ ಕಣಗಳಿಗೆ ಮಾತ್ರ ಅಲ್ಲೂ ತಡೆಯಿಲ್ಲ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದವರು 2019ರ ಕೊನೆಯಲ್ಲಿ ರಾಸ್ ದ್ವೀಪದ ಸುತ್ತಲಿನ 19 ಕಡೆಗಳಿಂದ ತಂದ ಹೊಸ ಹಿಮದಲ್ಲಿ ಎಲ್ಲ ಕಡೆಯೂ ಪ್ಲಾಸ್ಟಿಕ್ ಇತ್ತು, ಕರಗಿಸಿದ ಲೀಟರಿಗೆ ಸರಾಸರಿ 29 ಕಣಗಳು.

ಮಂಡಿ ನೋವಿನವರಿಗೆ ಉರುಳುಗಲ್ಲಿನ ತೀರದಲ್ಲಿ ಬಾಗಿ ಏಳುವುದು ಕಷ್ಟ, ಆದರೆ ಅವರಿಗೆ ಪಟ್ಟಿ ಬರೆಯುವ ಕೆಲಸ ಕೊಡುತ್ತಾರೆ, ಅದು ಕಡಿಮೆಯದೇನಲ್ಲ. ಹಿಮಕರಡಿ ನೋಡಲೆಂದೇ ಹೋಗುವವರು ಬೇರೆ ಹಡಗು ಹುಡುಕಿದರೆ ಸರಿ. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್, ಉಳಿದ ಕಾಲದಲ್ಲಿ 300 ಮೀಟರ್ ದೂರ ಕಾಯಬೇಕೆಂಬ ನಿಯಮವಿದೆ, ನಮ್ಮ ಹಡಗು ಅದನ್ನು ನಿಷ್ಠೆಯಿಂದ ಪಾಲಿಸಿತು, ದುರ್ಬೀನಿನಲ್ಲಿ ಕಂಡಷ್ಟೇ ಕಂಡದ್ದು. ಕಸದ ಕೆಲಸವೇ ಮುಖ್ಯವೆನ್ನುವವರು ಜುಲೈ ನಡುವಿನಿಂದ ಆಗಸ್ಟ್ ಕೊನೆಯೊಳಗಿನ ಯಾನವನ್ನು ಆರಿಸಿಕೊಳ್ಳಿ, ಜೂನ್‌ನಲ್ಲಿ ಉತ್ತರದ ತೀರಗಳು ಹಿಮದಡಿಯಲ್ಲೇ ಇರುವುದುಂಟು. ಹಿಂದಿನ ವರ್ಷದ ತೀರವಾರು ವಿಂಗಡಿಸಿದ ಲೆಕ್ಕವನ್ನು ಮುಂಗಡ ಕೊಡುವ ಮೊದಲೇ ಕೇಳಿ ತರಿಸಿಕೊಳ್ಳಿ.